ಉರುಳದ ತೆಂಗಿನಕಾಯಿ

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ಕೇಬಲ್ ಟಿವಿಯವರು ಸಿನಿಮಾ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದ ಅಂಗಡಿ ಜಾಹೀರಾತುಗಳನ್ನು ನಾನು ತುಮಕೂರಿನ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆಯಲ್ಲಿ ಕೂತು ತಯಾರಿಸುತ್ತಿದ್ದೆ. ಚಿತ್ರ ಬರೆಯುವವನು, ಅದನ್ನು ಕಂಪ್ಯೂಟರಿನಲ್ಲಿ ಕುಣಿಸುವವನು, ಕೀಬೋರ್ಡಿನ ಮೇಲಿನ ರಾಗಿ ಹಿಟ್ಟು ಊದುವವನು, ಎಲ್ಲವೂ ನಾನೇ.

ಕುಣಿಗಲ್ಲಿನ ಫರ್ನಿಚರ್ ಅಂಗಡಿಯೊಂದಕ್ಕೆ ಮಾಡಿಕೊಟ್ಟದ್ದರಲ್ಲಿ ಮಂಚ ಗಿರಗಿರನೆ ತಿರುಗುತ್ತಿತ್ತು. ಅಕ್ಷರಕ್ಕೊಂದು ಬಣ್ಣ, ಮೇಲಿಂದ ನಕ್ಷತ್ರದ ಮಳೆ. ಮಾಲೀಕರಿಗೆ ಬಲು ಸಂತೋಷ. ನನಗೆ ತಲೆ ಸುತ್ತಿತು. ಅಂಥ ಮಂಚದ ಮೇಲೆ ಯಾರಾದರೂ ಮಲಗುವುದುಂಟೆ?

ಯಾವ ಬಣ್ಣ, ಯಾವ ಅಕ್ಷರ, ಯಾವುದು ಹೇಗೆ ಚಲಿಸಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ನಿಶ್ಚಯಿಸದೆ ಇನ್ನು ಮೌಸ್ ಮುಟ್ಟುವುದಿಲ್ಲವೆಂದು ಅಂದೇ ಶಪಥ ಮಾಡಿದೆ. ಆ ಕಾಗದಕ್ಕೆ ಸಂವಿಧಾನವೆಂದು ನಾಮಕರಣವೂ ಆಯಿತು.

ಮೊದಲ ಸಂವಿಧಾನ ಗುಬ್ಬಿಯ ಕೊಬ್ಬರಿ ಎಣ್ಣೆ ಗಿರಣಿಯದು. ನಾರಿನ ಕಂದು, ಕೊಬ್ಬರಿಯ ಬಿಳಿ, ಗರಿಯ ಹಸಿರು. ನಾಲ್ಕನೆಯ ಬಣ್ಣಕ್ಕೆ ಪ್ರವೇಶವಿಲ್ಲ. ನಡುವೆ ಒಂದು ತೆಂಗಿನಕಾಯಿ. ಅದರತ್ತ ಬಾಣದ ಗುರುತು ಹಾಕಿ, ನನಗೆ ನೆನಪಿರಲೆಂದು ಬರೆದುಕೊಂಡಿದ್ದೆ: ‘ಎಡದಿಂದ ಉರುಳಿ ಬರತಕ್ಕದ್ದು. ಕೊಂಚ ಓಲಾಡಿ ನಿಲ್ಲತಕ್ಕದ್ದು. ಬೇರೇನೂ ಕುಣಿಯಕೂಡದು.’

ಒಪ್ಪಿಗೆಗೆಂದು ಒಯ್ದಾಗ ಗಿರಣಿಯ ಯಜಮಾನರು ಕಾಗದವನ್ನು ಕಣ್ಣಿಗೊತ್ತಿಕೊಂಡರು. ‘ಬಾಳ ಚೆನ್ನಾಗೈತೆ ಕಣಪ್ಪ. ಇಲ್ಲೇ ಬುಟ್ಟೋಗು, ಮನೇಲಿ ತೋರಿಸ್ತೀನಿ’ ಎಂದರು. ಬಿಟ್ಟು ಬಂದೆ.

ಕಾಯಿ ನಿಲ್ಲುವ ಮುನ್ನ ಎಷ್ಟು ಓಲಾಡಬೇಕೆಂದು ತಿಳಿಯಲು ಮನೆಯ ಜಗಲಿಯ ಮೇಲೆ ನಿಜವಾದ ಕಾಯಿಯನ್ನೇ ಉರುಳಿಸಿ ನೋಡಿದೆ. ‘ಏನ್ಲಾ, ಚಟ್ನಿಗಿಟ್ಟಿದ್ ಕಾಯಿ ಕಣೋ ಅದು!’ ಎಂದು ಅಮ್ಮ ಕೂಗಿದರು. ಕಲೆಗೆ ಅಡ್ಡಿಗಳು ಹೀಗೇ ಬರುತ್ತವೆ. ಅಂತೂ ಕಂಪ್ಯೂಟರಿನ ಕಾಯಿ ಥೇಟ್ ಅದರಂತೆಯೇ ಉರುಳಿತು, ಓಲಾಡಿತು, ನಿಂತಿತು.

ಸಿಡಿ ಹಿಡಿದು ಗುಬ್ಬಿಗೆ ಹೋದರೆ, ಗಿರಣಿಯ ಟಿವಿಯಲ್ಲಿ ಜಾಹೀರಾತು ಆಗಲೇ ಬರುತ್ತಿತ್ತು. ಕೇಬಲಿನವನು ನನ್ನ ಕಾಗದವನ್ನು ಗೋಡೆಗೆ ಅಂಟಿಸಿ ಕ್ಯಾಮೆರಾ ಹಿಡಿದಿದ್ದ. ಬಾಣ, ಟಿಪ್ಪಣಿ, ಮೂಲೆಯ ಕಾಫಿ ಕಲೆ, ಯಾವುದಕ್ಕೂ ಮೋಸವಾಗಿರಲಿಲ್ಲ.

‘ಇದೇನ್ ಸ್ವಾಮಿ, ಇದು ಬರೀ ನಕ್ಷೆ!’ ಎಂದು ಕೂಗಿದೆ.

‘ಅಮಾಸೆ ಬರ್ತಿತ್ತಲ್ಲಪ್ಪ. ಅದ್ಕೂ ಮುಂಚೆ ಶುರು ಆಗ್ಬುಡ್ಲಿ ಅಂತ ಕೊಟ್ಬುಟ್ಟೆ.’

ಹಲ್ಲು ಕಚ್ಚಿಕೊಂಡು ಸಿಡಿ ಹಾಕಿ ತೋರಿಸಿದೆ. ಕಾಯಿ ಉರುಳಿ ಬಂದು, ಓಲಾಡಿ, ನಿಂತಿತು. ಯಜಮಾನರು ಕಾಯುತ್ತಲೇ ಇದ್ದರು.

‘ಬಾಣ ಎಲ್ಲೋಯ್ತು?’

‘ಬಾಣ ನನಗೆ. ನೋಡೋರಿಗಲ್ಲ.’

‘ಅದೆಂಗಾಯ್ತದೆ? ಕಡಬದಿಂದ ಬಂದೋರೂ ಉರುಳಿ ಬರತಕ್ಕದ್ ಎಣ್ಣೆ ಕೊಡಿ ಅಂತವ್ರೆ! ಬಾಣ ಹಾಕು, ಬರವಣಿಗೆ ಹಾಕು, ಇದನ್ನೇ ಟಿವೀಲಿ ಬುಡ್ಸಾಣ.’

ಹಾಕಲಿಲ್ಲ. ಸಂವಿಧಾನ ತಿದ್ದುಪಡಿಗೂ ಒಂದು ಮಿತಿಯುಂಟು. ಸಿಡಿಯನ್ನು ಜೇಬಿಗಿಳಿಸಿ ತುಮಕೂರು ಬಸ್ಸು ಹತ್ತಿದೆ. ಈಗ ನೆನೆದರೂ ಮೈ ಉರಿಯುತ್ತದೆ. ಆ ವರ್ಷವೆಲ್ಲ ಗುಬ್ಬಿಯ ಮನೆಮನೆಯ ಟಿವಿಯಲ್ಲಿ ನನ್ನ ಕಾಯಿ ನಿಂತಲ್ಲೇ ನಿಂತಿತ್ತು, ಪಕ್ಕದಲ್ಲಿ ಉರುಳಿ ಬರತಕ್ಕದ್ದೆಂಬ ನನ್ನದೇ ಕೈಬರಹದ ಆಜ್ಞೆ ಹೊತ್ತು.