ವ್ರೋನಿಯ ಬೂಟು ಮತ್ತು ನನ್ನ ಹೊಟ್ಟೆಕಿಚ್ಚು

ಅಂಗಡಿಯ ಗಾಜಿನ ಆಚೆ ನನ್ನ ಗಂಡ ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ಅವರ ತೊಡೆಯ ಮೇಲೆ ಒಬ್ಬ ಹುಡುಗಿಯ ಬರಿಗಾಲು ಇತ್ತು. ಅವರು ಹೆಬ್ಬೆರಳಿನಿಂದ ಅವಳ ಹಿಮ್ಮಡಿಯನ್ನು ಒತ್ತಿ ಒತ್ತಿ ನೋಡುತ್ತಿದ್ದರು, ಅವಳು ಏನೋ ಹೇಳಿ ನಗುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಡ್ಯೂಟಿ ಮುಗಿಸಿ ಬರುತ್ತಿದ್ದ ನಾನು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಆ ಹಿಮದಲ್ಲೇ ನಿಂತುಬಿಟ್ಟೆ. ಗೊತ್ತಿಲ್ಲದೆ ಒಬ್ಬರಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಊರಿನವಳು ನಾನು. ಮದುವೆಯಾಗಿ ಐದು ವರ್ಷದಲ್ಲಿ ಇವರು ನನ್ನ ಕಾಲು ಮುಟ್ಟಿದ್ದು ಒಂದೇ ಸಲ, ಅದೂ ಕಲ್ಲುಗುಂಡಿಯ ನೆಂಟರ ಮನೆಯಿಂದ ಬರುವಾಗ ಹತ್ತಿದ ಜಿಗಣೆ ಕಿತ್ತು ತೆಗೆಯಲು.

ಇದು ಆಸ್ಟ್ರಿಯಾ ದೇಶದ ಬೆಟ್ಟಗಳ ನಡುವಿನ ಒಂದು ಸಣ್ಣ ಊರು. ನಾನು ಕಡಬದವಳು. ಸುಳ್ಯದಲ್ಲಿ ನರ್ಸಿಂಗ್ ಓದಿ, ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ, ರಜೆ ಸಿಕ್ಕ ದಿನವೆಲ್ಲ ಮಂಗಳೂರಿನ ಬಸ್ಸು ಹತ್ತಿ ಜರ್ಮನ್ ಕಲಿತು, ಎರಡನೆಯ ಸಲಕ್ಕೆ ಪರೀಕ್ಷೆ ಪಾಸಾಗಿ, ಇಲ್ಲಿನ ವೃದ್ಧರ ಆರೈಕೆ ಮನೆಗೆ ಬಂದೆ. ಇವರು ಬಂದದ್ದು ಎಂಟು ತಿಂಗಳ ನಂತರ, ನನ್ನ ವೀಸಾದ ಬಾಲ ಹಿಡಿದು. ಯಾರು ಮೊದಲು ಬಂದದ್ದು ಎಂಬುದನ್ನು ನೀವಾದರೂ ನೆನಪಿಡಿ, ಇಲ್ಲಿ ಯಾರಿಗೂ ನೆನಪಿಲ್ಲ.

ಬಂದ ಹೊಸತರಲ್ಲಿ ಮಾತೇ ನನ್ನ ದೊಡ್ಡ ಕಷ್ಟ. ನನಗೆ ಕಲಿಸಿದ ಜರ್ಮನನ್ನು ಇಲ್ಲಿ ಟಿವಿಯಲ್ಲಿ ವಾರ್ತೆ ಓದುವವರು ಮಾತ್ರ ಆಡುತ್ತಾರೆ. ಉಳಿದವರದು ಕಣಿವೆಯ ಮಾತು. ಅಜ್ಜಿಯೊಬ್ಬಳು ನೀರು ಕೇಳಿದರೆ ನಾನು ಕಂಬಳಿ ಹೊದೆಸುತ್ತಿದ್ದೆ. ಇವರಿಗೆ ಪುಸ್ತಕ ಮುಟ್ಟುವ ಕೆಲಸವೇ ಬರಲಿಲ್ಲ. ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರ ಚಿಕ್ಕಪ್ಪನ ಚಪ್ಪಲಿ ಅಂಗಡಿಯಲ್ಲಿ ಕೂತು ತುಳುವರಿಗೆ ತುಳು, ಬ್ಯಾರಿಗಳಿಗೆ ಬ್ಯಾರಿ, ಗಡಿಯಾಚೆಯಿಂದ ಬಂದವರಿಗೆ ಮಲಯಾಳ ಮಾತಾಡಿ ಚಪ್ಪಲಿ ಮಾರಿದ ನಾಲಗೆ ಅದು. ಆರು ತಿಂಗಳಲ್ಲಿ ಬೀದಿಯಲ್ಲಿ ಎದುರಾದವರಿಗೆಲ್ಲ 'ಗ್ರಿಯಸ್ ಡಿ' ಎನ್ನತೊಡಗಿದರು. ನಮ್ಮ 'ಹೇಗಿದ್ದಿ ಮಾರಾಯ' ಇದ್ದ ಹಾಗೆ, ಸಲಿಗೆಯ ನಮಸ್ಕಾರ ಅದು. ನನಗೆ ಈಗಲೂ ಎಲ್ಲರೂ ಪುಸ್ತಕದ ನಮಸ್ಕಾರವನ್ನೇ ಹೇಳುತ್ತಾರೆ. ನಮ್ಮ ಬಾಡಿಗೆ ಮನೆಯ ಯಜಮಾನ್ತಿ ಒಮ್ಮೆ 'ಕ್ನ್ಯೋಡೆಲ್' ಕೊಟ್ಟಳು, ಹಳೆ ಬ್ರೆಡ್ ನೆನೆಸಿ ಉಂಡೆ ಕಟ್ಟಿ ಬೇಯಿಸಿದ್ದು. ನಾನು ನಮ್ಮ ಅಕ್ಕಿ ಉಂಡೆ ಪುಂಡಿಯನ್ನು ನೆನೆದು ಕಣ್ಣೀರು ತುಂಬಿಕೊಂಡೆ. ಇವರು ಐದು ತಿಂದು ಆರನೆಯದಕ್ಕೆ ಕೈ ಹಾಕಿದರು.

ಸೆಪ್ ಎಂಬ ಮುದುಕ ಇಲ್ಲಿ ಹಿಮದ ಆಟಗಳ ಬೂಟಿನ ಅಂಗಡಿ ಇಟ್ಟಿದ್ದಾನೆ. ಇವರು ಕೈಗವಸು ಕೊಳ್ಳಲು ಹೋದವರು ಅಲ್ಲಿಯೇ ಕೆಲಸಕ್ಕೆ ನಿಂತರು. ಕಾಲು ನೋಡಿದ ಕೂಡಲೇ ಅಳತೆ ಹೇಳುವವನನ್ನು ಸೆಪ್ ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಆದರೆ ಮೊದಲ ಗಿರಾಕಿಗೇ ಎಡವಟ್ಟು ಮಾಡಿದರು. ಆ ಗಿರಾಕಿಯೇ ವ್ರೋನಿ, ನಾನು ಗಾಜಿನಾಚೆ ಕಂಡ ಹುಡುಗಿ. ಸ್ನೋಬೋರ್ಡ್ ಎಂಬ ಒಂದೇ ಹಲಗೆಯ ಮೇಲೆ ಎರಡೂ ಕಾಲು ಕಟ್ಟಿಕೊಂಡು, ಮಂಜುಗಡ್ಡೆಯಂಥ ಇಳಿಜಾರಿನಲ್ಲಿ, ನೆಟ್ಟ ಬಾವುಟಗಳನ್ನು ಸುತ್ತುತ್ತ ಪಂದ್ಯ ಓಡುವವಳು. ಜೂನ್ ತಿಂಗಳಲ್ಲಿ ಶಾಲೆಯ ಮಕ್ಕಳಿಗೆ ಬೂಟು ಕೊಡುವಾಗ ಮುಂದೆ ಒಂದು ಹೆಬ್ಬೆರಳು ಜಾಗ ಬಿಡುವುದು ಸುಳ್ಯದ ಕ್ರಮ. ಬೂಟು ಎರಡು ವರ್ಷ ಬರಬೇಕಲ್ಲ! ಇವರು ವ್ರೋನಿಗೂ ಹಾಗೆಯೇ ಕೊಟ್ಟರು. ಮೊದಲ ತಿರುವಿನಲ್ಲೇ ಅವಳು ಉರುಳಿದಳು. ಸೆಪ್ ಬೈದ ಬೈಗುಳ ಇವರಿಗೆ ಪೂರ್ತಿ ಅರ್ಥವಾಗದ್ದು ಒಳ್ಳೆಯದೇ ಆಯಿತು.

ಆಮೇಲೆ ಮನೆಯಲ್ಲಿ ಬೂಟಿನದೇ ಪುರಾಣ.

"ಎಂತ ಮಾರಾಯ್ರೆ, ಕಾಲಿಗೆ ಹಾಕುವ ಬೂಟಿಗೆ ಇಷ್ಟು ಎಂತ ಉಂಟು?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ನೋಡು, ಸುಮ್ಮನೆ ಆಡುವವರು ಹಾಕುದು ಮೆತ್ತನೆ ಬೂಟು, ಲೇಸಿಂದು. ಪಂದ್ಯದವರಿಗೆ ಅದು ಆಗುದಿಲ್ಲ. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿಯೇ ತಿರುಗ್ಬೇಕು. ಕೆಳಗೆ ಮಂಜುಗಡ್ಡೆ. ಹಿಡಿ ಸಡಿಲ ಇರುವ ಕತ್ತಿಯಲ್ಲಿ ಒಮ್ಮೆ ಸೌದೆ ಕಡಿದು ನೋಡು. ಪೆಟ್ಟು ಎಲ್ಲಿಗೆ ಹೋಗ್ತದೆ? ಹಿಡಿಗೇ ಹೋಗ್ತದೆ. ಮೆತ್ತನೆ ಬೂಟಲ್ಲಿ ಮೊಣಕಾಲು ಬಗ್ಗಿಸಿದ ಶಕ್ತಿ ಪೂರ ಬೂಟೇ ನುಂಗ್ತದೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನದ್ದಾದ್ರೆ ಹಾಗಲ್ಲ, ಇಲ್ಲಿ ಒತ್ತಿದ್ದು ಆ ಕ್ಷಣ ಅಂಚಿಗೆ ಮುಟ್ತದೆ."

"ಹಾಗಾದ್ರೆ ಎರಡು ಹಲಗೆಯ ಸ್ಕೀಯವರದ್ದೂ ಗಟ್ಟಿ ಬೂಟೇ ಅಲ್ವಾ? ಅದನ್ನೇ ಹಾಕ್ಲಿ."

ಇವರ ಮುಖ ಅರಳಿತು. "ಅಲ್ಲಿಯೇ ಇರುದು ವಿಷಯ! ಅದರ ಅಟ್ಟೆ ಉದ್ದ. ಇವರ ಹಲಗೆ ಅಗಲ ಕಮ್ಮಿ, ಅದರ ಮೇಲೆ ಕಾಲು ಓರೆಯಾಗಿ ನಿಲ್ಲುದು. ಅಟ್ಟೆ ಹೊರಗೆ ಚಾಚಿದ್ರೆ ಹಲಗೆ ವಾಲಿದಾಗ ಹಿಮಕ್ಕೆ ತಾಗಿ ಬೀಳುದೇ. ಅದಕ್ಕೆ ಇವರದ್ದು ಗಿಡ್ಡ ಅಟ್ಟೆ, ಮುಂದೆ ಹಿಂದೆ ಕೆತ್ತಿದ್ದು. ಮತ್ತೆ ಸ್ಕೀ ಬೂಟು ಮರದ ಕೊರಡು. ಇದು ಹಿಂದೆ ಸ್ಪ್ರಿಂಗ್ ಉಂಟು, ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗುದು. ಹಿಂದಿನ ಕಾಲಿನ ಬೂಟು ಜಾಸ್ತಿ ಬಾಗಿಸಿ ಇಡ್ಬೇಕು, ಮುಂದಿನದ್ದು ಕಮ್ಮಿ. ಒಂದೇ ಜೋಡಿ, ಎರಡಕ್ಕೂ ಬೇರೆ ಲೆಕ್ಕ. ವ್ರೋನಿಯ ಎಡಗಾಲ ಮಣಿಗಂಟು ಸ್ವಲ್ಪ ಹೊರಗೆ ಉಂಟು, ಗೊತ್ತುಂಟಾ, ಅಲ್ಲಿ ಚಿಪ್ಪು ಬಿಸಿ ಮಾಡಿ ಒಂದು ಕಾಳಿನಷ್ಟು ಜಾಗ..."

ವ್ರೋನಿಯ ಮಣಿಗಂಟು. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದ ನನ್ನ ಕಾಲು ಮೇಜಿನ ಕೆಳಗೆ ಊದಿಕೊಂಡಿತ್ತು. ಅದನ್ನು ಇವರು ಬಗ್ಗಿ ನೋಡಲಿಲ್ಲ. ಹೊಟ್ಟೆ ಉರಿಯಿತು. ಆ ಹುಡುಗಿಯ ಮೇಲೆ ಎಷ್ಟೋ ಅದಕ್ಕಿಂತ ಹೆಚ್ಚು ಇವರ ಮೇಲೆ. ಕಷ್ಟಪಟ್ಟು ಬಂದದ್ದು ನಾನು, ಊರು ಒಪ್ಪಿಕೊಂಡದ್ದು ಇವರನ್ನು. ಆರೈಕೆ ಮನೆಯ ಅಜ್ಜಿಯರೂ ನನ್ನನ್ನು 'ಚೀಡನ ಹೆಂಡತಿ' ಎನ್ನುತ್ತಿದ್ದರು. ಚಿದಾನಂದ ಎಂಬ ಹೆಸರನ್ನು ಈ ಊರು ಹಾಗೆ ಮೊಟಕು ಮಾಡಿಕೊಂಡಿತ್ತು.

ಡಿಸೆಂಬರಿನಲ್ಲಿ ವ್ರೋನಿಯ ಕೋಚ್ ಮಾತು ತೆಗೆದ. ಚಳಿಗಾಲ ಮುಗಿಯುವವರೆಗೆ ಚೀಡ ತಂಡದ ಜೊತೆ ಬರಲಿ, ಇಟಲಿ, ಸ್ವಿಟ್ಜರ್ಲೆಂಡ್ ಎಂದು ಪಂದ್ಯ ಇದ್ದಲ್ಲೆಲ್ಲ ಬೂಟು ನೋಡಿಕೊಳ್ಳಲಿ ಎಂದು. ಈ ಊರಿನ ಪಂದ್ಯ ಒಂದು ಚೆನ್ನಾಗಿ ಮುಗಿದರೆ ಕೆಲಸ ಗಟ್ಟಿ. ನಾವು ಮೂರು ವರ್ಷ ದುಡಿದು ವಾಪಸ್ ಹೋಗುವ ಮಾತಾಡಿಕೊಂಡು ಬಂದವರು. ಆ ಮಾತು ಇವರ ಬಾಯಲ್ಲಿ ಕೇಳದೆ ತಿಂಗಳುಗಳಾಗಿದ್ದವು. ಹೋದರೆ ಇವರು ಇನ್ನು ಈ ದೇಶದವರೇ ಎಂದು ನನಗೆ ಖಾತ್ರಿಯಾಯಿತು.

ಪಂದ್ಯದ ಹಿಂದಿನ ಸಂಜೆ ಇವರು ವ್ರೋನಿಯ ಬೂಟನ್ನು ಮನೆಗೆ ತಂದರು. ಅಡುಗೆ ಮೇಜಿನ ಮೇಲೆ ಇಟ್ಟು ಒಳಗಿನ ಒಂದು ಉಬ್ಬನ್ನು ಉಜ್ಜಿ ನುಣುಪು ಮಾಡಿದರು. ಬಾಗಿಲ ಒಳಗಿನ ಪುಟ್ಟ ಕೋಣೆಯಲ್ಲಿ, ಹೀಟರಿನ ಪಕ್ಕ ಇಟ್ಟು, ಸ್ಪ್ರಿಂಗ್ ತರಲೆಂದು ಅಂಗಡಿಗೆ ಹೋದರು. ಇಲ್ಲಿ ಎಲ್ಲರೂ ಬೂಟು ಇಡುವುದು ಆ ಒಳಕೋಣೆಯಲ್ಲೇ. ನಮ್ಮಲ್ಲಿ ಚಪ್ಪಲಿ ಮೆಟ್ಟಿಲು ದಾಟಿ ಒಳಗೆ ಬಂದರೆ ಅಮ್ಮ ಸುಮ್ಮನಿರುವುದುಂಟೇ? ಹೊರಗಿನವಳ ಚಪ್ಪಲಿ ನನ್ನ ಮನೆಯೊಳಗೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಬೂಟು ಎತ್ತಿ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಹಾಲಿನ ಡಬ್ಬಿಗಳ ಸಾಲಿನಲ್ಲಿ ಇಟ್ಟು ಬಾಗಿಲು ಹಾಕಿದೆ.

ನಿಮ್ಮ ಹತ್ತಿರ ಸುಳ್ಳು ಯಾಕೆ, ನನಗೆ ಗೊತ್ತಿತ್ತು. ಚಳಿಗೆ ಆ ಪ್ಲಾಸ್ಟಿಕ್ ಸೆಟೆದು ಕಲ್ಲಾಗುತ್ತದೆ, ಕಾಲು ಒಳಗೆ ಹೋಗುವುದಿಲ್ಲ, ಕಾರಿನಲ್ಲಿ ಕೂಡ ಬಿಡಬಾರದು ಎಂದು ಇವರು ಹತ್ತು ಸಲ ಹೇಳಿದ್ದರು.

ಬಂದವರು ಕೇಳಿದರು, "ಬೂಟು ಎಲ್ಲಿ?"

"ತೆಗೆದಿಟ್ಟಿದ್ದೇನೆ. ಜಾಗ್ರತೆ ಉಂಟು."

"ಒಳ್ಳೇದಾಯ್ತು" ಎಂದು ಊಟಕ್ಕೆ ಕೂತರು.

ಬೆಳಿಗ್ಗೆ ಮನೆಯೆಲ್ಲ ಹುಡುಕಿ ಕೊನೆಗೆ ಬಾಲ್ಕನಿಯ ಬಾಗಿಲು ತೆರೆದರು. ಬೂಟಿನ ಬಾಯಿಯಲ್ಲಿ ಬಿಳಿ ಹುಡಿ ಕೂತಿತ್ತು. ಇವರು ನನ್ನ ಮುಖ ನೋಡಿದರು. ಬೂಟನ್ನು ಜಾಕೆಟ್ಟಿನೊಳಗೆ ಎದೆಗೆ ಒತ್ತಿಕೊಂಡು ಸೆಪ್‌ನ ಕಾರು ಹತ್ತಿದರು. ರಜೆ ಹಾಕಿದ್ದ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಮೈಯ ಬಿಸಿಗೆ, ಕಾರಿನ ಬಿಸಿಗೆ ಅದು ಎಷ್ಟು ಮೆತ್ತಗಾದೀತು? ಪಂದ್ಯದ ಜಾಗದಲ್ಲಿ ಇಬ್ಬರು ಹಿಡಿದು ತಳ್ಳಿದರೂ ವ್ರೋನಿಯ ಹಿಮ್ಮಡಿ ಕೆಳಗೆ ಇಳಿಯಲಿಲ್ಲ. ಅವಳು ನೋವಿಗೆ ಕೂಗಿದಳು. ಅವಳ ಸರದಿ ಬಂತು. ಕಾಲು ಹೇಗೋ ಒಳಗೆ ಹೋಯಿತು, ಮೇಲಿನ ಕೊಂಡಿ ಬೀಳಲಿಲ್ಲ. ಹಾಗೆಯೇ ಇಳಿದಳು. ನಾಲ್ಕನೆಯ ಬಾವುಟದಲ್ಲಿ ಜಾರಿ ಬಲೆಗೆ ಹೋಗಿ ಬಿದ್ದಳು.

ಬೂಟನ್ನು ಚಳಿಯಲ್ಲಿ ಇಟ್ಟದ್ದು ಯಾರು ಎಂದು ಕೋಚ್ ಕಿರುಚಿದ. ಇವರು ಟೋಪಿ ತೆಗೆದು, "ನಾನೇ. ನಮ್ಮ ಊರಿನಲ್ಲಿ ಕಾಲಿಗೆ ಹಾಕುವುದನ್ನು ಮನೆಯ ಹೊರಗೆ ಇಡುವುದು. ಅಭ್ಯಾಸಬಲ" ಎಂದರು. ಯಾವತ್ತೂ ಅರ್ಥವಾಗದ ಆ ಕಣಿವೆಯ ಮಾತು ಅಂದು ನನಗೆ ಒಂದು ಅಕ್ಷರ ಬಿಡದೆ ಅರ್ಥವಾಯಿತು. ತಂಡದ ಕೆಲಸ ಅಲ್ಲಿಗೇ ತಪ್ಪಿತು. ನನಗೆ ಮೊದಲು ಆದದ್ದು ಸಂತೋಷ, ಅದನ್ನೂ ಬರೆದುಬಿಡುತ್ತೇನೆ.

ಆಮೇಲಿನ ಮೂರು ವಾರ ಇವರು ಹೇಳಿದ ಹೊತ್ತಿಗೆ ಮನೆಗೆ ಬಂದರು, ಪಾತ್ರೆ ತೊಳೆದರು. ಬೂಟಿನ ಮಾತು ಎತ್ತಲಿಲ್ಲ. ಜಗಳ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ, ಜಗಳವನ್ನೇ ಮಾಡಲಿಲ್ಲ. ಒಂದು ಭಾನುವಾರ ತಾವಾಗಿಯೇ ಹೇಳಿದರು.

"ಊರಿಗೆ ಹೋಗುವ ಮಾರಾಯ್ತಿ. ಚಿಕ್ಕಪ್ಪನ ಅಂಗಡಿಗೆ ಜನ ಬೇಕಂತೆ. ನಿನಗೂ ಪುತ್ತೂರಲ್ಲಿ ಕೆಲಸ ಸಿಗ್ತದೆ."

ನಾನು ತಿಂಗಳುಗಟ್ಟಲೆ ಕಾದ ಮಾತು ಅದು. ಇವರ ಊರು ಐವರ್ನಾಡಿನಲ್ಲಿ ಅತ್ತೆ ಫೋನಿನಲ್ಲೇ ಕುಣಿದರು. ಇವರ ಮನೆಮಾತು ಅರೆಭಾಷೆ, ನನ್ನದು ತುಳು, ಹಾಗಾಗಿ ಅತ್ತೆಗೂ ನನಗೂ ಕನ್ನಡ. "ಬನ್ನಿ ಮಗಾ, ಭಾವನವರ ಮಕ್ಕಳು ದಿನಾ ಕೇಳ್ತವೆ" ಎಂದರು. ನನಗೆ ಅನ್ನ ಇಳಿಯಲಿಲ್ಲ. ಇವರು ಇಲ್ಲಿಂದ ತಲೆ ತಗ್ಗಿಸಿ ಹೊರಡುವುದು ನನ್ನಿಂದ. ಅಲ್ಲಿ ಹೋಗಿ ಹೆಬ್ಬೆರಳು ಜಾಗ ಬಿಟ್ಟು ಬೂಟು ಮಾರುವಾಗೆಲ್ಲ ಅದು ನೆನಪಾಗದೆ ಇರುತ್ತದೆಯೇ?

ವ್ರೋನಿಯ ತಂದೆತಾಯಿ ಚರ್ಚಿನ ಹಿಂದೆ ಒಂದು ಹೋಟೆಲು ನಡೆಸುತ್ತಾರೆ. ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಅವಳು ಮೇಜು ಒರೆಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ, ನನ್ನ ಪುಸ್ತಕದ ಜರ್ಮನಿನಲ್ಲಿ.

"ಯಾಕೆ?" ಎಂದಳು.

"ಅವರು ನಿನ್ನ ಕಾಲು ಹಿಡಿದದ್ದು ನನಗೆ ತಡೆಯಲಾಗಲಿಲ್ಲ."

ಅವಳು ಬಟ್ಟೆ ಕೆಳಗಿಟ್ಟಳು. "ಹೋದ ವಾರ ಬೇಕರಿಯ ಸಾಲಿನಲ್ಲಿ ನಿನ್ನ ಗಂಡ ನನ್ನ ಹಿಂದೆಯೇ ನಿಂತಿದ್ದ. ನನ್ನ ಗುರುತೇ ಸಿಗಲಿಲ್ಲ ಅವನಿಗೆ. ಬೂಟು ಬಿಚ್ಚಿ ತೋರಿಸಬೇಕಿತ್ತೇನೋ!" ನನಗೆ ನಗು ಬಂತು. ಅವಳು ನಗಲಿಲ್ಲ. "ನನ್ನ ಊರಿನ ಪಂದ್ಯವನ್ನು ನನ್ನ ಊರಿನವರ ಎದುರು ನಾನು ಕಳೆದುಕೊಂಡೆ. ಅದು ನಿನ್ನಿಂದ. ನಾನು ಮರೆಯುವವಳಲ್ಲ. ಆದರೆ ನನ್ನ ಬೂಟನ್ನು ಅವನೇ ನೋಡಬೇಕು."

ಮರುದಿನವೇ ಕೋಚ್ ಸೆಪ್‌ನ ಅಂಗಡಿಗೆ ಬಂದು ಇವರನ್ನು ಮತ್ತೆ ತಂಡಕ್ಕೆ ಕರೆದ. ಜನವರಿಯಲ್ಲಿ ಇವರು ಪೆಟ್ಟಿಗೆ ಕಟ್ಟಿದರು. ಬಟ್ಟೆ ಮಡಿಸುತ್ತ ನನ್ನ ಕಡೆ ನೋಡದೆ ಹೇಳಿದರು, "ನೀನು ಹೋಗಿ ಹೇಳ್ತಿ ಅಂತ ನಾನು ಎಣಿಸಿರ್ಲಿಲ್ಲ."

"ನಾನೂ ಎಣಿಸಿರ್ಲಿಲ್ಲ."

"ಊರಿಗೆ ಹೋಗುದು ಮುಂದೆ ಹೋಯ್ತಲ್ಲ."

"ಮೊದಲು ಹೋಗಿ ಬನ್ನಿ ಮಾರಾಯ್ರೆ" ಎಂದೆ.

ಈಗ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ. ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ನೀವು ನಂಬಬೇಡಿ. ಫೋನು ಮಾಡಿದಾಗ ಇವರ ಹಿಂದೆ ಯಾರಾದರೂ ನಕ್ಕ ಸದ್ದು ಕೇಳಿದರೆ ಈಗಲೂ ಯಾರದು ಎಂದು ಕೇಳುತ್ತೇನೆ. ಪಂದ್ಯಕ್ಕೆ ಹೋದ ಊರುಗಳಲ್ಲಿ ಅಲ್ಲಿನ ಮಾತನ್ನೂ ಕಲಿಯಲು ಶುರು ಮಾಡಿದ್ದಾರಂತೆ, ಅದೂ ಉರಿಯುತ್ತದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಆರೈಕೆ ಮನೆಯ ಹಾಲ್‌ನಲ್ಲಿ ಅಜ್ಜ ಅಜ್ಜಿಯರೆಲ್ಲ ಟಿವಿಯ ಮುಂದೆ ಕೂತಿದ್ದರು. ಸ್ವಿಟ್ಜರ್ಲೆಂಡಿನ ಪಂದ್ಯ. ಕೊನೆಯ ಸುತ್ತುಗಳಲ್ಲಿ ಇಬ್ಬರನ್ನು ಅಕ್ಕಪಕ್ಕ ಓಡಿಸುತ್ತಾರೆ, ಒಬ್ಬಳಿಗೆ ಕೆಂಪು ಬಾವುಟದ ದಾರಿ, ಒಬ್ಬಳಿಗೆ ನೀಲಿ. ಅದೇ ಹೊತ್ತಿಗೆ ಅತ್ತೆಯ ಫೋನು ಬಂತು. ಐವರ್ನಾಡಿನಲ್ಲಿ ಸಂಜೆ ಚಹಾದ ಹೊತ್ತು.

"ಆ ಹುಡುಗಿ ಸೋತರೆ ನೀವು ಬೇಗ ಬರುದಲ್ವಾ?" ಎಂದರು ಅತ್ತೆ.

"ಇನ್ನು ಇಬ್ಬರೇ ಉಳಿದಿರುದು ಅತ್ತೆ. ಗೆದ್ದರೆ ಬರುವ ವರ್ಷವೂ ಇವರನ್ನು ಬಿಡುದಿಲ್ಲಂತೆ."

"ಹಾಗಾದ್ರೆ ಸೋಲ್ಲಿ. ನಾನು ಫೋನು ಇಡುದಿಲ್ಲ, ನೀನು ನೋಡಿ ಹೇಳು."

ಸೋಲಲಿ ಎಂದು ನಾನೂ ಅಂದುಕೊಂಡೆ. ವ್ರೋನಿ ನೀಲಿ ದಾರಿಯಲ್ಲಿ ಹೊರಟಳು. ಮೊದಲ ತಿರುವಿನಲ್ಲಿ ಹಲಗೆ ಅಂಚಿನ ಮೇಲೆ ನಿಂತಿತು, ಅವಳ ಸೊಂಟ ನೆಲಕ್ಕೆ ತಾಗುವಷ್ಟು ವಾಲಿತು. ಬೂಟು ಒಂದಿಷ್ಟೂ ಅಲ್ಲಾಡಲಿಲ್ಲ. ಆ ಎಡಗಾಲ ಮಣಿಗಂಟು ಅದರೊಳಗೆ ಹೇಗೆ ಕೂತಿದೆ ಎಂದು ನನಗೆ ಗೊತ್ತಿತ್ತು. ಅರ್ಧ ದಾರಿಯಲ್ಲಿ ಕೆಂಪಿನವಳು ಮುಂದಾದಳು. ಪಕ್ಕದ ಅಜ್ಜಿ ನನ್ನ ಕೈ ಹಿಡಿದು 'ಗೆಮ್ಮಾ, ಗೆಮ್ಮಾ' ಎಂದು ಕೂಗಿದಳು, ನಡಿ ನಡಿ ಎಂದು. ನಾನೂ ಕೂಗಿದೆ. ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಒಂದು ಗೇಣು ಮುಂದಾಗಿ ವ್ರೋನಿ ಗೆರೆ ದಾಟಿದಳು.

ಇನ್ನೊಂದು ಕೈಯಲ್ಲಿದ್ದ ಫೋನು ಕೇಳುತ್ತಿತ್ತು, "ಎಂತ ಬೊಬ್ಬೆ ಅದು? ಸೋತಳಾ?"

"ಗೆದ್ದಳು ಅತ್ತೆ."

ಅತ್ತೆ ಕೇಳಿದರು, "ಮತ್ತೆ ನೀನು ಎಂತಕ್ಕೆ ಬೊಬ್ಬೆ ಹಾಕಿದ್ದು?"

ಅಜ್ಜಿ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅತ್ತೆ, ಆಮೇಲೆ ಮಾಡ್ತೇನೆ ಎಂದು ಫೋನು ಇಟ್ಟೆ.