ಜೇಬಿನಲ್ಲಿ ಕುಲುಕಿದ ರಕ್ತ

ದನದ ಆಸ್ಪತ್ರೆಯ ಕಾಂಪೌಂಡರನನ್ನು ಊರವರು ಬಿರುಗಾಳಿ ಎನ್ನುತ್ತಿದ್ದರು. ಅದನ್ನವನು ಹೊಗಳಿಕೆ ಎಂದೇ ನಂಬಿದ್ದ. ಕಾಯಿಲೆ ಬಿದ್ದ ಕರುಗಳ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ. ಆ ಕೆಲಸಕ್ಕೆ ಕೈಗಿಂತ ಬೈಕು ಮುಖ್ಯವೆಂಬುದು ಅವನ ಸಿದ್ಧಾಂತ. ಗುಂಡಿ ಕಂಡರೆ ಹಾರಿಸುವನು, ಹಾರಿಸಿದ ಮೇಲೆ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗುವನು.

ಈ ಸಲ ಭೇದಿ ಹತ್ತಿದ್ದು ಅವನ ಅಕ್ಕನ ಕೊಟ್ಟಿಗೆಯ ಎಳೆಗರುವಿಗೆ. ಕಣ್ಣು ಗುಳಿಬಿದ್ದು, ಕತ್ತು ಚೆಲ್ಲಿ ಮಲಗಿತ್ತು.

"ಉಪ್ಪು ಸಕ್ಕರೆ ನೀರು ಕುಡಿಸ್ತಾ ಇರಿ," ಎಂದರು ಡಾಕ್ಟರು. "ಕರುಳಿನ ಒಳಪದರ ಕಿತ್ತುಹೋಗಿದ್ರೆ ಅದರ ಗುರುತು ರಕ್ತದಲ್ಲಿ ಸಿಗುತ್ತೆ. ಹಾಗಿದ್ರೆ ಬರೀ ನೀರಿಗೆ ಇದು ಬದುಕಲ್ಲ, ಮದ್ದು ಬದಲಿಸಬೇಕು."

ಬಿರುಗಾಳಿ ರಕ್ತ ತೆಗೆದು, ಕೊಳವೆಯನ್ನು ಅಂಗಿಯ ಜೇಬಿಗೆ ಸೇರಿಸಿ, ಧೂಳೆಬ್ಬಿಸಿಕೊಂಡು ಹೋದ.

ಲ್ಯಾಬಿನ ಹೆಂಗಸು ಕೊಳವೆಯನ್ನು ಯಂತ್ರಕ್ಕಿಟ್ಟು ತಿರುಗಿಸಿ ಬೆಳಕಿಗೆ ಹಿಡಿದಳು. ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕಿತ್ತು. ನಿಂತದ್ದು ಕೆಂಪು.

"ಏನಣ್ಣಾ, ರಕ್ತ ತಂದ್ರೋ, ಶರಬತ್ತು ಕದಡಿ ತಂದ್ರೋ? ಕುಲುಕಿ ಕುಲುಕಿ ರಕ್ತಕಣಗಳೆಲ್ಲಾ ಒಡೆದಿವೆ. ಇದರಲ್ಲಿ ಯಾವ ಗುರುತೂ ಸಿಗಲ್ಲ."

"ಆ ಕರುವಿನ ರಕ್ತವೇ ಹಾಗೆ, ಮೇಡಂ."

"ಹೌದೌದು. ನೀವು ತರೋ ಕರುಗಳದ್ದು ಮಾತ್ರ ಹಾಗೆ."

ಅವನು ಮುಖ ಊದಿಸಿಕೊಂಡು ಮರಳಿ ಬಂದ. "ಡಾಕ್ಟರು ಇನ್ನೊಂದು ಕೊಳವೆ ಕೇಳಿದ್ರು ಕಣಕ್ಕಾ."

"ಸುಳ್ಳು ಹೇಳೋದಾದ್ರೂ ಬೇಗ ಬರಬಾರದೇನೋ? ಲ್ಯಾಬಿನಿಂದ ಫೋನು ನಿನಗಿಂತ ಮೊದಲೇ ಬಂತು," ಎಂದಳು ಅಕ್ಕ. "ಇದರ ಮೈಯಲ್ಲಿ ಉಳಿದಿರೋದೇ ಇಷ್ಟು ಜೀವ. ಚುಚ್ಚು. ಈ ಸಲ ನಾನೇ ಹಿಡ್ಕೊಂಡು ಕೂತ್ಕೋತೀನಿ."

ಅಕ್ಕ ಬೈಕಿನ ಹಿಂದೆ ಕೂತು, ಒಂದು ಕೈಯಲ್ಲಿ ಕೊಳವೆಯನ್ನು ನೆಟ್ಟಗೆ ಹಿಡಿದು, ಇನ್ನೊಂದರಲ್ಲಿ ತಮ್ಮನ ಕಾಲರು ಹಿಡಿದಳು. ಬೈಕು ವೇಗ ಹಿಡಿದರೆ ಕಾಲರು ಬಿಗಿಯುತ್ತಿತ್ತು. ಸೈಕಲ್ಲುಗಳೂ ಅವರನ್ನು ಹಿಂದೆ ಹಾಕಿದವು. ಚಹಾ ಅಂಗಡಿಯವನು ಕೂಗಿದ: "ಇಳಿದು ತಳ್ಕೊಂಡು ಹೋಗಪ್ಪಾ, ಬೇಗ ಮುಟ್ತೀಯ!"

ಲ್ಯಾಬಿನಲ್ಲಿ ಈ ಸಲ ತಿಳಿ ನಿಂತಿತು. ಗುರುತೂ ಸಿಕ್ಕಿತು. ಒಳಪದರ ಕಿತ್ತುಹೋಗಿತ್ತು. ಡಾಕ್ಟರು ಡ್ರಿಪ್ ಏರಿಸಿ ಮದ್ದು ಬದಲಿಸಿದರು. ವಾರ ಕಳೆಯುವಷ್ಟರಲ್ಲಿ ಕರು ಎದ್ದು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು.

ನೋಡಲು ಬಂದ ನೆರೆಯವರಿಗೆ ಬಿರುಗಾಳಿ ಉಪದೇಶ ಶುರುಮಾಡಿದ. "ರಕ್ತ ಅಂದ್ರೆ ಎಳೆಮಗು ಇದ್ದ ಹಾಗೆ, ಮೆಲ್ಲಗೆ ಒಯ್ಯಬೇಕು. ಲ್ಯಾಬಿನವರಿಗೂ ನಾನೇ ತಿಳಿಸಿಕೊಟ್ಟೆ."

ಅಕ್ಕ ಸಗಣಿ ಬಾಚುತ್ತಲೇ ಹೇಳಿದಳು: "ಹೌದು. ಬೈಕಿಗೆ ಬ್ರೇಕು ಇದೆ ಅಂತ ಕಂಡುಹಿಡಿದಿದ್ದೂ ಇವನೇ."