ಅವ್ವ ಜಾಳಿ ತಿಕ್ಕಿದ ದಿನ

ನನ್ನ ಮದುವೆಯಾಗಿ ಮೂರು ವರ್ಷವಾದರೂ ಅವ್ವ ನನ್ನ ಮನೆಯಲ್ಲಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ನಾವು ಖಾನಾಪುರದ ಲಿಂಗವಂತರು. ಗಂಡನದು ಕುರಿ ಸಾಕಿದ ಮನೆತನ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಅವನು ಕಬಾಬಿನ ಗಾಡಿ ಇಟ್ಟಿದ್ದಾನೆ. ಆ ಮನೆಯ ಹೊಸ್ತಿಲು ತುಳಿಯಬಾರದು ಎಂದು ಅಪ್ಪ ಅವ್ವನಿಗೆ ಕಟ್ಟಪ್ಪಣೆ ಮಾಡಿದ್ದ. ಅವಳು ಕಣ್ಣಿನ ದವಾಖಾನೆಯ ನೆವ ಹೇಳಿ ಬಸ್ಸು ಹತ್ತುತ್ತಿದ್ದಳು. ಬಂದವಳು ಬಾಗಿಲ ಮುಂದಿನ ಕಟ್ಟೆಯ ಮೇಲೆಯೇ ಕೂರುವಳು, ಬಾಯಾರಿದರೆ ಚೀಲದಿಂದ ತನ್ನ ದೊಡ್ಡ ಬಾಟಲಿ ತೆಗೆಯುವಳು. ಆ ಬಾಟಲಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬರಲೇಬೇಡ ಎಂದುಬಿಡೋಣ ಎಂದು ಎಷ್ಟೋ ಸಲ ನಾಲಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ತವರಿನಿಂದ ನನಗೆ ಇನ್ಯಾರಿದ್ದರು?

ಅವಳು ಬರುವ ದಿನ ಗಾಡಿಯ ಇದ್ದಿಲೊಲೆಗೆ ಗೋಣಿಚೀಲ ಹೊದಿಸಿ ಇಡುತ್ತಿದ್ದೆ. ಆ ಸಲ ಹೇಳದೆ ಬಂದಳು. ಹಿಂದಿನ ದಿನ ಗಂಡನ ಅಂಗೈ ಕೆಂಡಕ್ಕೆ ಸುಟ್ಟಿತ್ತು. ಪಟ್ಟಿ ಕಟ್ಟಿಸಲು ಹೋಗಿದ್ದ. ಕಬಾಬು ಸುಡುವ, ದಿನಾ ಅವನೇ ತೊಳೆಯುವ ಕಬ್ಬಿಣದ ಜಾಳಿಯನ್ನು ಅಂದು ನಾನು ಅಂಗಳದಲ್ಲಿ ಹಾಕಿಕೊಂಡು ಕೂತಿದ್ದೆ. ಸರಳು ಸರಳಿಗೂ ಕರ್ರನೆ ಜಿಡ್ಡು. ಸೋಪು ಹಚ್ಚಿದಷ್ಟೂ ಅದು ನನ್ನ ಕೈಗೆ ಬಳಿದುಕೊಂಡಿತೇ ಹೊರತು ಕಬ್ಬಿಣ ಬಿಡಲಿಲ್ಲ. ತಲೆ ಎತ್ತಿದರೆ ಅವ್ವ ನಿಂತಿದ್ದಳು. ನಾಚಿಕೆಯಾಯಿತು, ನಾಚಿಕೆಯಾಯಿತಲ್ಲ ಎಂದು ಸಿಟ್ಟೂ ಬಂತು.

"ನೋಡಾಕ ಆಗದಿದ್ರ ಅತ್ಲಾಗ ಮಾರಿ ಮಾಡಿ ಕುಂದರು," ಎಂದೆ.

ಅವಳು ಕೂರಲಿಲ್ಲ. ನನ್ನ ಕೈಯನ್ನೇ ನೋಡಿದಳು.

"ತಣ್ಣಗಿದ್ದಾಗ ಜಿಡ್ಡ ಬಿಡತೈತೇನ, ಹುಚ್ಚಿ? ಒಂಚೂರ ಕಾಸ್ಕೊಂಡ ಬಾ. ಬೂದಿ ಐತೋ, ಚೆಲ್ಲಿದಿಯೋ?"

"ಅವ್ವಾ, ಇದು ತುಪ್ಪ ಕಾಸಿದ ಬೋಗುಣಿ ಅಲ್ಲ."

"ನನಗೂ ಕಣ್ಣ ಅದಾವ. ಸರಿ ಅತ್ಲಾಗ."

ಕಾಸಿ ತಂದೆ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿ, ಸೆರಗು ಬಿಗಿದು ಅವ್ವ ಕುಕ್ಕರುಗಾಲಿನಲ್ಲಿ ಕುಳಿತಳು. ಅದೇ ಒಲೆಯ ಬೂದಿಯನ್ನು ಉದುರಿಸಿ, ತೆಂಗಿನ ನಾರಿನಿಂದ ಒಂದೊಂದೇ ಸರಳನ್ನು ತಿಕ್ಕಿದಳು. ಮಾಂಸದ ಅಂಗಡಿ ಕಂಡರೆ ಮೂಗಿಗೆ ಸೆರಗು ಹಿಡಿದು ರಸ್ತೆ ದಾಟುವ ಹೆಂಗಸು ಅವಳು. ಅಂದು ಮೂಗು ಮುಚ್ಚಲು ಕೈ ಬಿಡುವಿರಲಿಲ್ಲ. ಹಸಿರು ಬಳೆಗಳಿಗೆಲ್ಲ ಜಿಡ್ಡು ಮೆತ್ತಿತು.

ತೊಳೆಯೋಣವೆಂದರೆ ಡ್ರಮ್ಮಿನ ತಳ ಕಂಡಿತು; ನಳಕ್ಕೆ ನೀರು ಬಂದು ವಾರವಾಗಿತ್ತು. ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದೆ.

"ಕುಡಿಯೂ ನೀರ ಯಾಕ ಚೆಲ್ತಿ? ಇಡು ಒಳಗ."

ತನ್ನ ಬಾಟಲಿ ತೆಗೆದು, ಖಾನಾಪುರದಿಂದ ತಂದ ನೀರನ್ನು ಜಾಳಿಯ ಮೇಲೆ ಸುರಿದಳು. ಬೂದಿ, ಜಿಡ್ಡು ಕೂಡಿಯೇ ಗಟಾರಕ್ಕೆ ಹರಿದವು. ಉಳಿದ ನಾಲ್ಕು ಹನಿಯಲ್ಲಿ ಕೈ ತೊಳೆದುಕೊಂಡಳು.

ಬಿಸಿಲೇರಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಕುತ್ತಿಗೆ ಒರೆಸಿಕೊಂಡಳು, ಕರಡಿಗೆಯನ್ನು ಮತ್ತೆ ಎದೆಗೆ ತಂದುಕೊಂಡಳು. ರೂಢಿಯಂತೆ ಚೀಲಕ್ಕೆ ಕೈ ಹಾಕಿ, ಖಾಲಿ ಬಾಟಲಿ ತೆಗೆದು, ಮತ್ತೆ ಒಳಗಿಟ್ಟಳು. ನೀರು ಕೊಡಲೇ ಎಂದು ನಾನು ಕೇಳಲಿಲ್ಲ. ಕೇಳಿ ಬೇಡ ಅನ್ನಿಸಿಕೊಂಡದ್ದು ಸಾಕಾಗಿತ್ತು. ಚಪ್ಪಲಿ ಮೆಟ್ಟಿದೆ.

"ಎಲ್ಲಿ ಹೊಂಟಿ?"

"ಅಂಗಡಿಗಿ. ನಿನಗ ನೀರಿನ ಬಾಟಲಿ ತರಾಕ."

ಅವ್ವ ಎದ್ದಳು. ಹೊಸ್ತಿಲು ದಾಟಿ ಒಳಗೆ ಹೋಗಿ, ಕೊಡದ ಮುಂದೆ ನಿಂತು, "ತಂಬಿಗಿ ಎಲ್ಲಿಟ್ಟಿ?" ಎಂದು ಕೇಳಿದಳು.